ಮಗುವಿನ ಜೊತೆ ವಿದೇಶದಲ್ಲಿ ಓದು: ಯೂನಿವರ್ಸಿಟಿಗಿಂತ ಮೊದಲು ದೇಶ ನೋಡಿ

ವಿದೇಶದಲ್ಲಿ ಮಾಸ್ಟರ್ಸ್ ಮಾಡುವ ಬಗ್ಗೆ ಸಿಗುವ ಸಲಹೆಗಳೆಲ್ಲ ಹೆಚ್ಚುಕಮ್ಮಿ ಆಗಷ್ಟೇ ಬಿಇ ಮುಗಿಸಿದವರಿಗೆ ಹೇಳಿದಂಥವು. ರ್‍ಯಾಂಕಿಂಗ್ ನೋಡು, ಪರೀಕ್ಷೆ ಬರಿ, ಸಾಲ ತಗೋ, ಹೊರಡು. ಅಲ್ಲಿ ನಾಲ್ಕು ಜನ ಸೇರಿ ಒಂದು ಮನೆ ಹಿಡಿದರಾಯಿತು. ಮನೆಯಲ್ಲಿ ಮೂರು-ನಾಲ್ಕು ವರ್ಷದ ಮಗು ಇರುವ ಅಮ್ಮನಿಗೋ ಅಪ್ಪನಿಗೋ ಇದರಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರುವುದಿಲ್ಲ.

ಇಂಥವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಎಂಟ್ಹತ್ತು ವರ್ಷ ಐಟಿಯಲ್ಲಿ ದುಡಿದು ಬೇರೆ ಕ್ಷೇತ್ರಕ್ಕೆ ಹೊರಳಬೇಕು ಅನ್ನುವವರು. ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಿಎಚ್‌ಡಿಯ ಕನಸು ಕಟ್ಟಿಕೊಂಡವರು. ಹೆರಿಗೆಯಾದ ಮೇಲೆ ಕೆಲಸ ಬಿಟ್ಟು, ಈಗ ಮತ್ತೆ ಹಳಿಗೆ ಬರಲು ದಾರಿ ಹುಡುಕುತ್ತಿರುವ ಹೆಣ್ಣುಮಕ್ಕಳು. "ಮಗು ಇಟ್ಕೊಂಡು ಇದೆಲ್ಲ ಯಾಕಮ್ಮಾ" ಅನ್ನುವವರು ಅವರ ಸುತ್ತ ಜಾಸ್ತಿ. ಹೇಗೆ ಮಾಡಬಹುದು ಅಂತ ಕೂತು ಹೇಳುವವರು ಕಮ್ಮಿ.

ನನ್ನ ಪ್ರಕಾರ ಮಗು ಇರುವವರು ಹುಡುಕುವ ಕ್ರಮವನ್ನೇ ತಿರುಗಿಸಬೇಕು. ಮೊದಲು ದೇಶದ ಕುಟುಂಬ ವೀಸಾ ನಿಯಮ. ಆಮೇಲೆ ನಿಮ್ಮ ವಯಸ್ಸು. ಆಮೇಲೆ ಮಗುವಿನ ವಯಸ್ಸು. ಈ ಮೂರೂ ಹೊಂದಿದ ಮೇಲೆ ಯೂನಿವರ್ಸಿಟಿ. ಒಳ್ಳೆ ಕಡೆ ಸೀಟು ಸಿಕ್ಕಿದ ಮೇಲೆ "ಮಗುವಿಗೆ ವೀಸಾ ಇಲ್ಲ" ಅಂತ ಗೊತ್ತಾಗುವುದು ತುಂಬಾ ನೋವಿನ ವಿಷಯ. ಅದನ್ನು ಮೊದಲ ದಿನವೇ ನೋಡಿಕೊಂಡುಬಿಡಬಹುದು.

ಯಾವ ದೇಶ ಮಗುವನ್ನು ಕರೆದುಕೊಂಡು ಬಾ ಅನ್ನುತ್ತದೆ?

ಬ್ರಿಟನ್‌ನಿಂದ ಶುರು ಮಾಡೋಣ, ಯಾಕಂದರೆ ಜನ ಹೆಚ್ಚು ಎಡವುವುದು ಅಲ್ಲೇ. ಒಂದೇ ವರ್ಷದ ಮಾಸ್ಟರ್ಸ್, ಇಂಗ್ಲಿಷ್ ಭಾಷೆ, ಹಾಗಾಗಿ ಕೆಲಸದಲ್ಲಿರುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ 2024ರ ಜನವರಿ 1ರಿಂದ ಶುರುವಾಗುವ ಕೋರ್ಸ್‌ಗಳಿಗೆ ನಿಯಮ ಬದಲಾಗಿದೆ. ಪಾಠ ಕೇಳಿ ಮುಗಿಸುವ ಸಾಮಾನ್ಯ ಮಾಸ್ಟರ್ಸ್‌ಗೆ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಪಿಎಚ್‌ಡಿಯಂಥ ಸಂಶೋಧನಾ ಪದವಿಗೆ ಹೋಗುವವರಿಗೆ ಮತ್ತು ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಹೋಗುವವರಿಗೆ ಮಾತ್ರ ಅವಕಾಶ ಉಳಿದಿದೆ. ಸ್ವಂತ ಖರ್ಚಿನಲ್ಲಿ ಎಂಎಸ್‌ಸಿಗೆ ಹೋಗುವ ಅಮ್ಮ ಮಗುವನ್ನು ಊರಲ್ಲೇ ಬಿಟ್ಟು ಹೋಗಬೇಕು, ಬೇರೆ ದಾರಿಯಿಲ್ಲ.

ಅಮೆರಿಕದಲ್ಲಿ ಕುಟುಂಬಕ್ಕೆ ಎಫ್-2 ವೀಸಾ ಸಿಗುತ್ತದೆ. ಮಗು ಸರ್ಕಾರಿ ಶಾಲೆಗೆ ಹೋಗಬಹುದು. ಆದರೆ ಜೊತೆಗೆ ಹೋದ ಗಂಡನಾಗಲಿ ಹೆಂಡತಿಯಾಗಲಿ ಒಂದು ರೂಪಾಯಿ ಕೂಡ ದುಡಿಯುವಂತಿಲ್ಲ. ಇಬ್ಬರು ದುಡಿಯುತ್ತಿದ್ದ ಮನೆ ಎರಡು ವರ್ಷ ಯಾರೂ ದುಡಿಯದ ಮನೆಯಾಗುತ್ತದೆ. ಮೇಲೆ ಅಲ್ಲಿನ ಶುಲ್ಕ. ಕೈಯಲ್ಲಿ ಗಟ್ಟಿ ಅಸಿಸ್ಟೆಂಟ್‌ಶಿಪ್ (ಯೂನಿವರ್ಸಿಟಿಯೇ ಪಾಠಕ್ಕೋ ಸಂಶೋಧನೆಗೋ ನೆರವಾಗಲು ಕೊಡುವ ಸಂಬಳದ ಕೆಲಸ) ಇಲ್ಲದೆ ಕುಟುಂಬ ಸಮೇತ ಈ ದಾರಿ ಹಿಡಿಯುವುದನ್ನು ನಾನು ಯಾರಿಗೂ ಹೇಳಲಾರೆ.

ಕೆನಡಾದಲ್ಲಿ 2025ರ ಜನವರಿ 21ರಿಂದ ಕೋರ್ಸ್‌ನ ಉದ್ದವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಮಾಸ್ಟರ್ಸ್ ಕನಿಷ್ಠ 16 ತಿಂಗಳಿನದ್ದಾಗಿದ್ದರೆ ಜೊತೆಗೆ ಬಂದ ಗಂಡ ಅಥವಾ ಹೆಂಡತಿಗೆ ಕೆಲಸದ ಪರ್ಮಿಟ್ ಸಿಗುತ್ತದೆ. 12 ತಿಂಗಳ ಮಾಸ್ಟರ್ಸ್ ಆದರೆ ಇಲ್ಲ. ಶುಲ್ಕ ಉಳಿಯುತ್ತದೆ ಅಂತ ಚಿಕ್ಕ ಕೋರ್ಸ್ ಆರಿಸಿಕೊಂಡವರು ಅದಕ್ಕಿಂತ ದೊಡ್ಡ ಮೊತ್ತವನ್ನು, ಅಂದರೆ ಮನೆಯ ಇನ್ನೊಬ್ಬರ ಸಂಬಳವನ್ನು ಕಳೆದುಕೊಳ್ಳುತ್ತಾರೆ.

ಆಸ್ಟ್ರೇಲಿಯಾ ಕುಟುಂಬವನ್ನು ಒಳಗೆ ಬಿಡುತ್ತದೆ. ಮಾಸ್ಟರ್ಸ್ ಓದುವವರ ಗಂಡ ಅಥವಾ ಹೆಂಡತಿ ಗಂಟೆಗಳ ಮಿತಿಯಿಲ್ಲದೆ ಕೆಲಸ ಮಾಡಬಹುದು. ಆದರೆ ಕೈಯಲ್ಲಿ ದುಡ್ಡು ಇದೆ ಅಂತ ತೋರಿಸಬೇಕು. ಶುಲ್ಕ ಮತ್ತು ಪ್ರಯಾಣ ಬಿಟ್ಟು, ಒಂದು ವರ್ಷಕ್ಕೆ ಓದುವವರಿಗೆ 29,710 ಆಸ್ಟ್ರೇಲಿಯನ್ ಡಾಲರ್, ಜೊತೆಗಿರುವ ಗಂಡ ಅಥವಾ ಹೆಂಡತಿಗೆ 10,394, ಮಗುವಿಗೆ 4,449. ಮಗು ಶಾಲೆಗೆ ಹೋಗುವ ವಯಸ್ಸಿನದ್ದಾದರೆ ಶಾಲೆಯ ಖರ್ಚಿಗೆ ಇನ್ನೂ 13,502. 2024ರ ಮೇ ತಿಂಗಳಲ್ಲಿ ಬಂದ ಲೆಕ್ಕ ಇದು. ಮೂರು ವರ್ಷದ ಮಗುವಿಗೂ ಆರು ವರ್ಷದ ಮಗುವಿಗೂ ಎಷ್ಟು ವ್ಯತ್ಯಾಸ ನೋಡಿ.

ನಿಮ್ಮ ವಯಸ್ಸು ಎಲ್ಲಿ ಅಡ್ಡ ಬರುತ್ತದೆ

"ಓದಿಗೆ ವಯಸ್ಸಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಕ್ಲಾಸ್‌ರೂಮಿನ ಮಟ್ಟಿಗೆ ಅದು ನಿಜ. ವೀಸಾ ಮತ್ತು ವಿಮೆಯ ಫಾರಂಗಳಿಗೆ ಮಾತ್ರ ವಯಸ್ಸು ಚೆನ್ನಾಗಿ ಗೊತ್ತು.

ಆಸ್ಟ್ರೇಲಿಯಾದಲ್ಲಿ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು 485 ಅನ್ನುವ ವೀಸಾ ಬೇಕು. 2024ರ ಜುಲೈ 1ರಿಂದ ಅದಕ್ಕೆ ಅರ್ಜಿ ಹಾಕುವಾಗ ವಯಸ್ಸು 35 ಮೀರಿರಬಾರದು. ಸಂಶೋಧನಾ ಮಾಸ್ಟರ್ಸ್ ಮತ್ತು ಪಿಎಚ್‌ಡಿ ಮಾಡಿದವರಿಗೆ 50ರವರೆಗೂ ಅವಕಾಶವಿದೆ. ಇಲ್ಲಿ ಅರ್ಜಿ ಹಾಕುವುದು ಓದು ಮುಗಿದ ಮೇಲೆ. ಅಂದರೆ 34ನೇ ವಯಸ್ಸಿನಲ್ಲಿ ಎರಡು ವರ್ಷದ ಮಾಸ್ಟರ್ಸ್ ಶುರು ಮಾಡಿದವರಿಗೆ ಪದವಿ ಸಿಗುತ್ತದೆ, ಈ ವೀಸಾ ಸಿಗುವುದಿಲ್ಲ. ಮಗುವನ್ನು ಅಲ್ಲಿ ಶಾಲೆಗೆ ಸೇರಿಸಿ ಆದ ಮೇಲೆ ಇದು ತಿಳಿದರೆ ಮನೆಯವರೆಲ್ಲ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಜರ್ಮನಿಯಲ್ಲಿ ಗಡಿ 30ರಲ್ಲಿದೆ, ಆದರೆ ವೀಸಾಕ್ಕಲ್ಲ, ಆರೋಗ್ಯ ವಿಮೆಗೆ. ವಿದ್ಯಾರ್ಥಿಗಳ ಕಡಿಮೆ ದರದ ಸಾರ್ವಜನಿಕ ವಿಮೆ ಸಾಮಾನ್ಯವಾಗಿ 30 ತುಂಬುವ ಸೆಮಿಸ್ಟರ್‌ವರೆಗೆ ಮಾತ್ರ. ಆ ವಿಮೆಯಲ್ಲಿ ಇದ್ದರೆ ಸಂಪಾದನೆ ಇಲ್ಲದ ಗಂಡ ಅಥವಾ ಹೆಂಡತಿಯೂ ಮಕ್ಕಳೂ ಹೆಚ್ಚುವರಿ ಹಣವಿಲ್ಲದೆ ಅದರೊಳಗೇ ಬರುತ್ತಾರೆ. 30 ದಾಟಿ ನಮ್ಮ ದೇಶದಿಂದ ಹೊಸದಾಗಿ ಹೋದವರಿಗೆ ಹೆಚ್ಚಾಗಿ ಉಳಿಯುವುದು ಖಾಸಗಿ ವಿಮೆ. ಅಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಂತು. ಮೊದಲೇ ಇದ್ದ ಕಾಯಿಲೆಗಳನ್ನು ಕೆಲವು ಪಾಲಿಸಿಗಳು ಹೊರಗಿಡುತ್ತವೆ. ಮಗುವಿಗೆ ಉಬ್ಬಸವೋ ಅಲರ್ಜಿಯೋ ಇದ್ದರೆ ಪಾಲಿಸಿಯ ಸಣ್ಣಕ್ಷರಗಳನ್ನು ಬಿಡದೆ ಓದಿ. ಮುಂದೆ ಪೂರ್ಣಾವಧಿ ಕೆಲಸ ಸಿಕ್ಕಾಗ ಸಾರ್ವಜನಿಕ ವಿಮೆಗೆ ಹೋಗಬಹುದು. ನಡುವಿನ ಎರಡು-ಮೂರು ವರ್ಷದ ಖರ್ಚನ್ನು ಮಾತ್ರ ಮೊದಲೇ ಬಜೆಟ್ಟಿನಲ್ಲಿ ಬರೆದುಕೊಳ್ಳಬೇಕು.

ಜರ್ಮನಿಯನ್ನು ಹತ್ತಿರದಿಂದ ನೋಡೋಣ

ಇಷ್ಟೆಲ್ಲ ಹೇಳಿಯೂ, ಮಗು ಇರುವ ಮಧ್ಯಮ ವರ್ಗದ ಮನೆಗೆ ಜರ್ಮನಿಯೇ ಹೆಚ್ಚು ಹೊಂದುತ್ತದೆ ಅಂತ ನನಗೆ ಅನಿಸುತ್ತದೆ. ಕಾರಣ ಸರಳ. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೆ ಒಂದಷ್ಟು ನೂರು ಯೂರೋ ವಂತಿಗೆ ಕಟ್ಟಿದರೆ ಸಾಕು. ಇದಕ್ಕೂ ಹೊರತಾದ ಜಾಗಗಳಿವೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದಿಂದ ಸೆಮಿಸ್ಟರ್‌ಗೆ 2,000ದಿಂದ 6,000 ಯೂರೋವರೆಗೆ ತೆಗೆದುಕೊಳ್ಳುತ್ತಿದೆ. ಶುಲ್ಕದಲ್ಲಿ ಉಳಿದ ಹಣ ಮನೆ ಬಾಡಿಗೆಗೆ, ಮಗುವಿಗೆ ಆಗುತ್ತದೆ.

ಮೊದಲು ಎಪಿಎಸ್ ಪ್ರಮಾಣಪತ್ರ ಬೇಕು. ನಮ್ಮ ಅಂಕಪಟ್ಟಿಗಳು ಅಸಲಿ ಅಂತ ದೆಹಲಿಯ ಕಚೇರಿ ನೋಡಿ ಕೊಡುವ ಪತ್ರ ಅದು. 2022ರ ನವೆಂಬರ್‌ನಿಂದ ಭಾರತೀಯರಿಗೆ ಕಡ್ಡಾಯ. ಆಮೇಲೆ ಬ್ಲಾಕ್ಡ್ ಅಕೌಂಟ್. ಓದುವವರ ಹೆಸರಿನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಅದು ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಇದು ಒಬ್ಬರ ಲೆಕ್ಕ. ಗಂಡ, ಹೆಂಡತಿ, ಮಗು ಬರಬೇಕಾದರೆ ಅವರ ಖರ್ಚಿಗೂ ಆದಾಯವೋ ಉಳಿತಾಯವೋ ತೋರಿಸಬೇಕು. ಜೊತೆಗೆ ಎಲ್ಲರಿಗೂ ಸಾಕಾಗುವಷ್ಟು ದೊಡ್ಡ ಮನೆ ಇದೆ ಅಂತ ಬಾಡಿಗೆ ಕರಾರು ತೋರಿಸಬೇಕು. ನಿಜವಾಗಿ ಕಷ್ಟವಾಗುವುದು ಈ ಮನೆಯೇ. ಬೆಂಗಳೂರಿನಲ್ಲಿ ಕೂತು ಮ್ಯೂನಿಕ್‌ನಲ್ಲೋ ಬರ್ಲಿನ್‌ನಲ್ಲೋ ಎರಡು ರೂಮಿನ ಮನೆ ಹಿಡಿಯುವುದು ಸುಲಭವಲ್ಲ. ಹಾಗಾಗಿ ಓದುವವರು ಮೊದಲು ಹೋಗಿ, ಒಂದು ಸೆಮಿಸ್ಟರ್‌ನಲ್ಲಿ ಮನೆ ಹಿಡಿದು, ಆಮೇಲೆ ಉಳಿದವರನ್ನು ಕರೆಸಿಕೊಳ್ಳುವುದು ಮಾಮೂಲಿ. ವಿದ್ಯಾರ್ಥಿಗಳ ವಸತಿ ನೋಡಿಕೊಳ್ಳುವ ಸ್ಟೂಡಿಯೆರೆಂಡೆನ್‌ವೆರ್ಕ್ ಅನ್ನುವ ಸಂಸ್ಥೆ ಹೆಚ್ಚುಕಮ್ಮಿ ಎಲ್ಲ ಯೂನಿವರ್ಸಿಟಿ ಊರುಗಳಲ್ಲೂ ಇದೆ. ಹಲವು ಕಡೆ ಕುಟುಂಬದವರಿಗೆ ಅಂತಲೇ ಅಪಾರ್ಟ್‌ಮೆಂಟ್ ಇಟ್ಟಿದೆ. ಅದರ ಕಾಯುವ ಪಟ್ಟಿ ಉದ್ದ, ಹಾಗಾಗಿ ಪ್ರವೇಶ ಪತ್ರ ಬಂದ ದಿನವೇ ಹೆಸರು ಬರೆಸಬೇಕು. ದೊಡ್ಡ ನಗರಗಳ ಹೆಸರಿಗೆ ಮರುಳಾಗದೆ ಡ್ರೆಸ್ಡೆನ್, ಮಾಗ್ಡೆಬುರ್ಗ್, ಕೆಮ್‌ನಿಟ್ಸ್ ಥರದ ಊರುಗಳನ್ನೂ ನೋಡಿ. ಬಾಡಿಗೆ ಅಲ್ಲಿ ಎಷ್ಟೋ ಹಗುರ.

ಜೊತೆಗೆ ಬರುವ ಗಂಡ ಅಥವಾ ಹೆಂಡತಿಗೆ ಸಾಮಾನ್ಯವಾಗಿ ಎ1, ಅಂದರೆ ತೀರಾ ಆರಂಭದ ಮಟ್ಟದ ಜರ್ಮನ್ ಬೇಕು. ಪದವೀಧರರಿಗೆ ಕೆಲವೊಮ್ಮೆ ವಿನಾಯಿತಿ ಸಿಗುತ್ತದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕ್ಲಾಸೂ ಇದೆ, ಪರೀಕ್ಷೆಯೂ ಇದೆ. ಜರ್ಮನಿಗೆ ಹೋದ ಮೇಲೆ ಅವರು ಯಾವ ಕೆಲಸವನ್ನಾದರೂ ಮಾಡಬಹುದು. ಅಮೆರಿಕಕ್ಕೂ ಜರ್ಮನಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಓದುವವರಿಗೆ ಮಿತಿ ಇದೆ: ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ.

ಈಗ ಮಗುವಿನ ವಿಷಯ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಅಲ್ಲಿ ಶಿಶುಪಾಲನಾ ಕೇಂದ್ರದಲ್ಲಿ ಜಾಗ ಸಿಗಬೇಕು ಅನ್ನುವುದು 2013ರ ಆಗಸ್ಟ್‌ನಿಂದ ಕಾನೂನಿನ ಹಕ್ಕು. ಈ ಕೇಂದ್ರಕ್ಕೆ ಅವರು ಕೀಟಾ ಅನ್ನುತ್ತಾರೆ. ಬರ್ಲಿನ್‌ನಲ್ಲಿ ಇದು ಉಚಿತ, ಊಟಕ್ಕೆ ಮಾತ್ರ ತಿಂಗಳಿಗೆ 23 ಯೂರೋ. ಬೇರೆ ಊರುಗಳಲ್ಲಿ ಮನೆಯ ಆದಾಯ ನೋಡಿ ಶುಲ್ಕ ಹಾಕುತ್ತಾರೆ. ಹಕ್ಕಿದ್ದರೂ ಹಲವು ಊರುಗಳಲ್ಲಿ ಜಾಗದ ಕೊರತೆ ಇದೆ. ಒಂದೇ ಕಡೆ ಅರ್ಜಿ ಹಾಕಿ ಕಾಯಬೇಡಿ, ಏಳೆಂಟು ಕಡೆ ಹಾಕಿ. ಫೋನ್ ಮಾಡಿ. ನೇರವಾಗಿ ಹೋಗಿ ಮುಖ ತೋರಿಸಿ ಬನ್ನಿ. ಕೀಟಾದವರಿಗೆ ಪರಿಚಯದ ಮುಖ ನೆನಪಿರುತ್ತದೆ.

ಜಾಗ ಸಿಕ್ಕಿದ ಮರುದಿನವೇ ಮಗುವನ್ನು ಬಿಟ್ಟು ಕ್ಲಾಸಿಗೆ ಓಡಬಹುದು ಅಂತ ಮಾತ್ರ ಅಂದುಕೊಳ್ಳಬೇಡಿ. ಅಲ್ಲಿ ಐನ್‌ಗೆವ್ಯೋನುಂಗ್ ಅಂತ ಒಂದು ಪದ್ಧತಿ ಇದೆ. ಮಗು ಹೊಸ ಜಾಗಕ್ಕೆ ಒಗ್ಗಿಕೊಳ್ಳುವ ಅವಧಿ. ಹೆಚ್ಚು ಕಡೆ ಬರ್ಲಿನ್ ಮಾದರಿ ಅನುಸರಿಸುತ್ತಾರೆ. ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಒಂದು ಗಂಟೆಯಷ್ಟು ಹೊತ್ತು ಕೀಟಾದಲ್ಲಿ ಕೂರಬೇಕು. ಮೂಲೆಯಲ್ಲಿ, ಸುಮ್ನೆ. ಮಗುವನ್ನು ನೀವಾಗಿ ಆಡಿಸುವಂತಿಲ್ಲ, ಫೋನ್ ನೋಡುವಂತಿಲ್ಲ. ಮಗು ಆಟದ ಕಡೆ ಹೋಗಿ, ತಿರುಗಿ ನೋಡಿ, ನೀವು ಅಲ್ಲೇ ಇದ್ದೀರಿ ಅಂತ ಖಾತ್ರಿ ಮಾಡಿಕೊಂಡು ಮತ್ತೆ ಆಟಕ್ಕೆ ಹೋಗುತ್ತದೆ. ನಾಲ್ಕನೇ ದಿನ ಮೊದಲ ಸಲ ಬಿಟ್ಟು ನೋಡುವುದು. ಅದು ಸೋಮವಾರ ಆಗಿರಬಾರದು, ಯಾಕಂದರೆ ಎರಡು ದಿನದ ರಜೆಯಲ್ಲಿ ಮಗುವಿಗೆ ಆ ಜಾಗ ಮತ್ತೆ ಹೊಸದಾಗಿರುತ್ತದೆ. "ಅಮ್ಮ ಈಗ ಬರ್ತೀನಿ ಕಂದ" ಅಂತ ಹೇಳಿಯೇ ಹೊರಗೆ ಹೋಗಬೇಕು, ಕಣ್ತಪ್ಪಿಸಿ ಹೋಗಬಾರದು. ಮಗು ಅತ್ತು, ಟೀಚರ್ ಎತ್ತಿಕೊಂಡಾಗ ಸಮಾಧಾನವಾದರೆ ಸರಿ. ಆಗದಿದ್ದರೆ ನಿಮ್ಮನ್ನು ಕೂಡಲೇ ಒಳಗೆ ಕರೆಯುತ್ತಾರೆ, ಎರಡನೇ ಪ್ರಯತ್ನ ಕೆಲವು ದಿನ ಬಿಟ್ಟು. ಕೆಲವು ಮಕ್ಕಳಿಗೆ ಎರಡು ವಾರ ಸಾಕು, ಕೆಲವಕ್ಕೆ ತಿಂಗಳು ದಾಟುತ್ತದೆ.

ನಮ್ಮಲ್ಲಿ ಅಂಗನವಾಡಿಗೋ ಎಲ್‌ಕೆಜಿಗೋ ಅಳುವ ಮಗುವನ್ನು ಗೇಟಲ್ಲೇ ಬಿಟ್ಟು ಬರುವುದನ್ನು ನೋಡಿ ಬೆಳೆದವರಿಗೆ ಇದು ಹೊಸದು. ನನಗೆ ತುಂಬಾ ಹಿಡಿಸಿದ ಪದ್ಧತಿ ಇದು. ಭಾಷೆಯೇ ಗೊತ್ತಿಲ್ಲದ ಊರಿಗೆ ಬಂದ ಮಗುವಿಗೆ ಇಷ್ಟು ಸಮಯ ಕೊಡುವುದು ದೊಡ್ಡ ಉಪಕಾರ. ಆದರೆ ಓದುವ ಅಮ್ಮನಿಗೆ ಇದರ ಅರ್ಥ ಬೇರೆ. ಕೀಟಾದ ವರ್ಷ ಹೆಚ್ಚಾಗಿ ಆಗಸ್ಟ್‌ನಲ್ಲಿ ಶುರು, ಯೂನಿವರ್ಸಿಟಿ ಕ್ಲಾಸು ಅಕ್ಟೋಬರ್ ನಡುವಿನಲ್ಲಿ. ಕೀಟಾ ಪ್ರವೇಶ ನವೆಂಬರ್‌ಗೆ ಬಿದ್ದರೆ ಸೆಮಿಸ್ಟರ್‌ನ ನಡುವೆ ನೀವು ಲ್ಯಾಬ್ ಬಿಟ್ಟು ಪುಟ್ಟ ಕುರ್ಚಿಯ ಮೇಲೆ ಕೂತಿರಬೇಕಾಗುತ್ತದೆ. ಗಂಡ-ಹೆಂಡತಿ ಇಬ್ಬರೂ ಇದ್ದರೆ ಓದದೇ ಇರುವವರು ಈ ಕೆಲಸ ವಹಿಸಿಕೊಳ್ಳುವುದು ಅಂತ ಮೊದಲೇ ಮಾತಾಡಿಕೊಳ್ಳಿ.

ಆರು ವರ್ಷಕ್ಕೆ ಶಾಲೆ ಕಡ್ಡಾಯ. ಶುಲ್ಕ ಇಲ್ಲ. ಮನೆಯಲ್ಲೇ ಪಾಠ ಹೇಳಿಕೊಡುತ್ತೇವೆ, ಇಂಡಿಯಾದ ಆನ್‌ಲೈನ್ ಸ್ಕೂಲಿಗೆ ಸೇರಿಸುತ್ತೇವೆ ಅಂದರೆ ಒಪ್ಪುವುದಿಲ್ಲ. ಪಾಠ ಜರ್ಮನ್‌ನಲ್ಲೇ. ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸುವ ಪ್ರತ್ಯೇಕ ತರಗತಿಗಳು ಇರುತ್ತವೆ. ಆರೇಳು ವರ್ಷದ ಮಗು ಬೇಗ ಹಿಡಿಯುತ್ತದೆ. ಒಂಬತ್ತು-ಹತ್ತರ ಮಗುವಿಗೆ ಕಷ್ಟ ಜಾಸ್ತಿ, ಯಾಕಂದರೆ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಮುಗಿದ ಕೂಡಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಹೈಸ್ಕೂಲಿಗೆ ಹಂಚುತ್ತಾರೆ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಮಾತ್ರ ಆರನೇ ಕ್ಲಾಸಿನ ನಂತರ. ಒಂಬತ್ತು ವರ್ಷದ ಮಗು ಇರುವವರಿಗೆ ಈ ಎರಡು ವರ್ಷದ ಬಿಡುವು ದೊಡ್ಡದು. ಇನ್ನು 16 ತುಂಬಿದ ಮಕ್ಕಳು ಅಪ್ಪ-ಅಮ್ಮನ ಜೊತೆಗೇ ಬರದೆ ಆಮೇಲೆ ಬರುವುದಾದರೆ ಸಾಮಾನ್ಯವಾಗಿ ಸಿ1, ಅಂದರೆ ತುಂಬಾ ಮೇಲಿನ ಮಟ್ಟದ ಜರ್ಮನ್ ಕೇಳುತ್ತಾರೆ. ಅದು ಕಬ್ಬಿಣದ ಕಡಲೆ.

ಮಕ್ಕಳ ಭತ್ಯೆ ಬಗ್ಗೆ ಒಂದು ಮಾತು. ಕಿಂಡರ್‌ಗೆಲ್ಟ್ 2026ರಲ್ಲಿ ಮಗುವಿಗೆ ತಿಂಗಳಿಗೆ 259 ಯೂರೋ. ಅದು ಎಲ್ಲರಿಗೂ ಸಿಗುತ್ತದೆ ಅಂತ ಬಜೆಟ್ಟಿಗೆ ಸೇರಿಸಿಕೊಂಡು ಹೋಗುವವರಿದ್ದಾರೆ. ಬರೀ ಓದಿನ ಪರ್ಮಿಟ್ ಮೇಲೆ ಇದ್ದು, ಕೆಲಸ ಮಾಡದಿರುವವರಿಗೆ ಸಾಮಾನ್ಯವಾಗಿ ಇದು ಸಿಗುವುದಿಲ್ಲ. ಕೆಲಸ ಹಿಡಿದ ಮೇಲೆ ಲೆಕ್ಕ ಬದಲಾಗುತ್ತದೆ.

ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರ್ಮಿಟ್. ಆಮೇಲೆ ಬ್ಲೂ ಕಾರ್ಡ್, ಅಂದರೆ ಒಳ್ಳೆ ಸಂಬಳದ ಕೆಲಸ ಹಿಡಿದ ವಿದೇಶಿ ಪದವೀಧರರಿಗೆ ಕೊಡುವ ವಾಸದ ಪರ್ಮಿಟ್. ಅದಕ್ಕೆ 2026ರಲ್ಲಿ ವರ್ಷಕ್ಕೆ 50,700 ಯೂರೋ ಸಂಬಳ ಬೇಕು. ಆಗಷ್ಟೇ ಪದವಿ ಮುಗಿಸಿದವರಿಗೂ ಜನ ಸಿಗದ ಕೆಲಸಗಳಿಗೂ ಸುಮಾರು 45,934. ಬಿ1, ಅಂದರೆ ನಡುವಿನ ಮಟ್ಟದ ಜರ್ಮನ್ ಇದ್ದರೆ ಬ್ಲೂ ಕಾರ್ಡ್ ಸಿಕ್ಕ 21 ತಿಂಗಳಿಗೆ ಕಾಯಂ ವಾಸದ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಭಾಷೆ ಕಲಿತದ್ದು ಇಲ್ಲಿ ಬೇಗ ಫಲ ಕೊಡುತ್ತದೆ. ಇಂಗ್ಲಿಷ್‌ನಲ್ಲಿ ಮಾಸ್ಟರ್ಸ್ ಮಾಡಬಹುದು ನಿಜ. ಆದರೆ ಕೀಟಾದಿಂದ ಬರುವ ಚೀಟಿ, ಮಕ್ಕಳ ಡಾಕ್ಟರ ಫೋನ್, ಶಾಲೆಯ ಪೋಷಕರ ಸಭೆ ಎಲ್ಲವೂ ಜರ್ಮನ್‌ನಲ್ಲೇ ನಡೆಯುತ್ತವೆ. ಒಂಟಿಯಾಗಿ ಹೋದ ವಿದ್ಯಾರ್ಥಿ ಭಾಷೆಯಿಲ್ಲದೆ ದಿನ ದೂಡಬಹುದು. ಪೋಷಕರಿಗೆ ಆ ಸೌಲಭ್ಯ ಇಲ್ಲ.

ಪಿಎಚ್‌ಡಿ ಅಂದರೆ ಸಂಬಳದ ಕೆಲಸ

ಮಾಸ್ಟರ್ಸ್ ಈಗಾಗಲೇ ಮುಗಿಸಿರುವ ಅಮ್ಮ-ಅಪ್ಪಂದಿರು ಇನ್ನೊಂದು ಮಾಸ್ಟರ್ಸ್‌ಗೆ ಹೋಗುವ ಮುಂಚೆ ಇದನ್ನು ಯೋಚಿಸಬೇಕು. ನೆದರ್‌ಲ್ಯಾಂಡ್ಸ್, ಸ್ವೀಡನ್, ಜರ್ಮನಿಯಲ್ಲಿ ಪಿಎಚ್‌ಡಿ ಹೆಚ್ಚಾಗಿ ಉದ್ಯೋಗ. ನೇಮಕಾತಿ ಪತ್ರ, ತಿಂಗಳ ಸಂಬಳ, ಸಾಮಾಜಿಕ ಭದ್ರತೆ, ರಜೆ ಎಲ್ಲವೂ ಇರುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಕರಾರು. ಸ್ವೀಡನ್‌ನಲ್ಲಿ ಒಂದು ಮಗುವಿಗೆ ಅಪ್ಪ-ಅಮ್ಮ ಇಬ್ಬರಿಗೂ ಸೇರಿ 480 ದಿನ ಪೋಷಕರ ರಜೆಯ ಭತ್ಯೆ ಇದೆ. ಪಿಎಚ್‌ಡಿ ನಡುವೆ ಈ ರಜೆ ತೆಗೆದುಕೊಂಡರೆ ಕರಾರು ಅಷ್ಟು ಕಾಲ ಮುಂದಕ್ಕೆ ಹೋಗುತ್ತದೆ. ಜರ್ಮನಿಯ ಕಾನೂನು ಪ್ರತಿ ಮಗುವಿಗೆ ಎರಡು ವರ್ಷದಂತೆ ಸಂಶೋಧಕರ ತಾತ್ಕಾಲಿಕ ನೇಮಕಾತಿಯ ಅವಧಿ ಮಿತಿಯನ್ನು ಹೆಚ್ಚಿಸಲು ಅವಕಾಶ ಕೊಡುತ್ತದೆ. ಯುರೋಪಿಯನ್ ಒಕ್ಕೂಟದ ಮೇರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಫೆಲೋಶಿಪ್‌ಗಳಲ್ಲಿ ಸಂಬಳದ ಮೇಲೆ ಕುಟುಂಬ ಭತ್ಯೆ ಬೇರೆ.

ಅದೇ ಯುರೋಪಿಯನ್ ಒಕ್ಕೂಟದ್ದೇ ಸ್ಕಾಲರ್‌ಶಿಪ್ ಇರುವ ಎರಾಸ್ಮಸ್ ಮುಂಡಸ್ ಮಾಸ್ಟರ್ಸ್ ನೋಡಿ. ತಿಂಗಳಿಗೆ 1,400 ಯೂರೋ, ಹೆಸರೂ ದೊಡ್ಡದು. ಆದರೆ ಕೋರ್ಸ್ ನಡುವೆ ದೇಶದಿಂದ ದೇಶಕ್ಕೆ ಹೋಗಬೇಕು. ಶಾಲೆಗೆ ಹೋಗುವ ಮಗುವನ್ನು ಹಾಗೆ ಎಳೆದುಕೊಂಡು ಓಡಾಡಲು ಆಗುತ್ತದಾ?

ದುಡ್ಡು, ಸ್ಕಾಲರ್‌ಶಿಪ್

ಬ್ಯಾಂಕಿನ ಶಿಕ್ಷಣ ಸಾಲ ಓದುವವರ ಶುಲ್ಕಕ್ಕೆ, ಓದುವವರ ಖರ್ಚಿಗೆ. ಜೊತೆಗೆ ಬರುವವರ ಟಿಕೆಟ್, ಮನೆಯ ಮುಂಗಡ, ಮಗುವಿನ ಸ್ವೆಟರ್ ಬೂಟುಗಳು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಅದನ್ನು ಉಳಿತಾಯದಿಂದಲೇ ತೆಗೆಯಬೇಕು.

ಕುಟುಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ಕಾಲರ್‌ಶಿಪ್‌ಗಳನ್ನು ಹುಡುಕಿ. ಜರ್ಮನಿಯ ಡಿಎಎಡಿ ಸಂಸ್ಥೆಯ ಇಪಿಒಎಸ್ ಅನ್ನುವ ಯೋಜನೆ ಕೆಲಸದ ಅನುಭವ ಇರುವವರಿಗಾಗಿಯೇ ಇದೆ. ನೀರು, ಕೃಷಿ, ನಗರ ಯೋಜನೆ, ಸಾರ್ವಜನಿಕ ಆರೋಗ್ಯದಂಥ ವಿಷಯಗಳು. ತಿಂಗಳಿಗೆ 992 ಯೂರೋ, ಕೆಲವು ಸಂದರ್ಭಗಳಲ್ಲಿ ಬಾಡಿಗೆಗೆ ಮತ್ತು ಜೊತೆಗೆ ಬರುವ ಕುಟುಂಬಕ್ಕೆ ಸಹಾಯ. ಎರಡು ವರ್ಷದ ಅನುಭವ ಬೇಕು. ಕೊನೆಯ ಪದವಿ ಸಾಮಾನ್ಯವಾಗಿ ಆರು ವರ್ಷಕ್ಕಿಂತ ಹಳೆಯದಾಗಿರಬಾರದು. ಹೆರಿಗೆ, ಮಗು ಅಂತ ವರ್ಷಗಳು ಸರಿದುಹೋಗಿರುವವರು ಈ ನಿಯಮವನ್ನು ಮೊದಲು ನೋಡಬೇಕು. ಬ್ರಿಟನ್‌ನ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್‌ನಲ್ಲಿ ಮಗುವನ್ನು ಜೊತೆಗೆ ಕರೆದೊಯ್ಯುವ ಒಂಟಿ ಪೋಷಕರಿಗೆ ಮಕ್ಕಳ ಭತ್ಯೆ ಕೊಡುತ್ತಾರೆ.

ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ವರ್ಷಕ್ಕೆ 125 ಜನರಿಗೆ ಸಿಗುತ್ತದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮನೆಗಳವರಿಗೆ. ಕುಟುಂಬದ ಆದಾಯ 8 ಲಕ್ಷದೊಳಗೆ, ವಯಸ್ಸು 35ರೊಳಗೆ. ಇದರಲ್ಲಿ 30 ಪರ್ಸೆಂಟ್ ಹೆಣ್ಣುಮಕ್ಕಳಿಗೆ ಮೀಸಲು. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಪರಿಶಿಷ್ಟ ಜಾತಿ, ಪಂಗಡದವರ ವಿದೇಶಿ ಓದಿಗೇ ಇದೆ.

ಅರ್ಜಿಯಲ್ಲಿ ಕೆಲಸ ಬಿಟ್ಟ ವರ್ಷಗಳನ್ನು ಏನೋ ಒಂದು ಫ್ರೀಲಾನ್ಸ್ ಅಂತ ಬರೆದು ಮುಚ್ಚುವವರಿದ್ದಾರೆ. ಬೇಡ. "2021ರಿಂದ 2024, ಮಗುವಿನ ಪಾಲನೆ" ಅಂತ ಒಂದೇ ಸಾಲು ಬರೆದು ಮುಂದೆ ಹೋಗಿ. ಮಗು ಸಾಕಿದ್ದಕ್ಕೆ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ.

ಮಗುವನ್ನು ಅಜ್ಜಿಮನೆಯಲ್ಲಿ ಬಿಟ್ಟು ಹೋಗುವವರಿಗೆ

ಇದೂ ಒಂದು ದಾರಿಯೇ. ಬ್ರಿಟನ್‌ನ ಒಂದು ವರ್ಷದ ಕೋರ್ಸ್‌ಗೆ ಎಷ್ಟೋ ತಾಯಂದಿರು ಹೀಗೇ ಹೋಗುತ್ತಾರೆ. ಅಪ್ಪ ಬಿಟ್ಟು ಹೋದರೆ "ಮನೆಗೋಸ್ಕರ ಹೋದ" ಅನ್ನುವ ಜನ ಅಮ್ಮ ಹೋದರೆ ಬೇರೆ ಥರ ಮಾತಾಡುತ್ತಾರೆ. ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ, ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿ.

ಗಡಿಯಾರದ ಲೆಕ್ಕವನ್ನೂ ಮಾಡಿ. ನಮ್ಮಲ್ಲಿ ರಾತ್ರಿ 8 ಗಂಟೆ, ಮಗು ಊಟ ಮಾಡಿ ಮಲಗುವ ಹೊತ್ತು. ಚಳಿಗಾಲದಲ್ಲಿ ಆಗ ಲಂಡನ್‌ನಲ್ಲಿ ಮಧ್ಯಾಹ್ನ 2.30, ಬರ್ಲಿನ್‌ನಲ್ಲಿ 3.30, ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 9.30. ಆ ಹೊತ್ತಿಗೆ ನಿಮಗೆ ಕ್ಲಾಸ್ ಇದ್ದರೆ ಮಲಗುವ ಮುಂಚಿನ ಕಥೆ ತಪ್ಪುತ್ತದೆ. ಟೈಮ್‌ಟೇಬಲ್ ಆರಿಸುವ ಅವಕಾಶ ಇದ್ದಾಗ ಇದನ್ನು ನೆನಪಿಡಿ. ಅಜ್ಜಿ-ತಾತನ ಹೆಸರಿಗೆ ಶಾಲೆ, ಆಸ್ಪತ್ರೆಯ ವಿಷಯದಲ್ಲಿ ತೀರ್ಮಾನ ತೆಗೆದುಕೊಳ್ಳುವ ಒಪ್ಪಿಗೆ ಪತ್ರ ಬರೆದುಕೊಡಿ. ಮಗುವಿನ ಲಸಿಕೆ ಕಾರ್ಡ್, ಆಧಾರ್, ವಿಮೆ ಕಾರ್ಡ್ ಎಲ್ಲಿದೆ ಅಂತ ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.

ಕಾಗದಪತ್ರ: ಇನಿಷಿಯಲ್ಲಿನ ತೊಂದರೆ

ನಮ್ಮ ಕಡೆ ಹೆಸರುಗಳಲ್ಲಿ ಇನಿಷಿಯಲ್ ಮಾಮೂಲಿ. ಜನನ ಪ್ರಮಾಣಪತ್ರದಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಶಾಲೆಯಲ್ಲಿ ಮತ್ತೊಂದು. ಊರಿನ ಹೆಸರು ಸೇರಿದ ಅಪ್ಪನ ಹೆಸರು, ಅಪ್ಪನ ಹೆಸರು ಮಾತ್ರ ಸೇರಿದ ಮಗುವಿನ ಹೆಸರು. ಅಪ್ಪ, ಅಮ್ಮ, ಮಗು ಮೂವರಿಗೂ ಬೇರೆ ಬೇರೆ ಸರ್‌ನೇಮ್. ಕೆಲವು ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ಆಸ್ಪತ್ರೆಯಲ್ಲಿ ನೋಂದಾಯಿಸಿದಾಗ ನಾಮಕರಣ ಆಗಿರಲಿಲ್ಲ ಅಲ್ವಾ. ಬೇರೆ ದೇಶದ ಅಧಿಕಾರಿಗೆ ಇದ್ಯಾವುದೂ ಅರ್ಥವಾಗುವುದಿಲ್ಲ. ಪಾಸ್‌ಪೋರ್ಟ್‌ಗೆ ಮುಂಚೆ ಇನಿಷಿಯಲ್ ಅನ್ನು ಪೂರ್ತಿ ಹೆಸರಾಗಿ ಬಿಡಿಸಿ ಬರೆಸಿ, ಎಲ್ಲ ಕಡೆ ಒಂದೇ ಹೆಸರು ಬರುವಂತೆ ತಿದ್ದಿಸಿಕೊಳ್ಳಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ದಿನದ ದಾಖಲೆಯಾಗಿ ಜನನ ಪ್ರಮಾಣಪತ್ರ ಒಂದನ್ನೇ ಒಪ್ಪುತ್ತಾರೆ.

ಮಗುವಿನ ಪಾಸ್‌ಪೋರ್ಟ್‌ಗೆ ಅಪ್ಪ-ಅಮ್ಮ ಇಬ್ಬರೂ ಸಹಿ ಮಾಡುವ ಫಾರಂ ಅನೆಕ್ಶರ್ ಡಿ. ಒಬ್ಬರ ಒಪ್ಪಿಗೆ ಸಿಗದ ಸ್ಥಿತಿಯಲ್ಲಿ ಅನೆಕ್ಶರ್ ಸಿ. ಮಗು ಒಬ್ಬರ ಜೊತೆ ಮಾತ್ರ ಹೋಗುವುದಾದರೆ ವೀಸಾಕ್ಕೂ ಇನ್ನೊಬ್ಬರ ಲಿಖಿತ ಒಪ್ಪಿಗೆ ಕೇಳುತ್ತಾರೆ. ವಿಚ್ಛೇದನ ಆಗಿದ್ದರೆ ಮಗು ಯಾರ ವಶದಲ್ಲಿ ಅನ್ನುವ ಕೋರ್ಟ್ ಆದೇಶ ಬೇಕು. ಕೇಸ್ ಇನ್ನೂ ನಡೆಯುತ್ತಿದ್ದರೆ ಕುಟುಂಬ ನ್ಯಾಯಾಲಯದ ಅನುಮತಿ ಇಲ್ಲದೆ ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯಬೇಡಿ. ವಕೀಲರನ್ನು ಕಂಡು, ಓದಿನ ಅವಧಿ, ಮಗುವಿನ ಶಾಲೆ, ಇನ್ನೊಬ್ಬರು ಮಗುವನ್ನು ನೋಡುವ ಏರ್ಪಾಡು ಇಷ್ಟನ್ನೂ ಬರೆದು ಅರ್ಜಿ ಹಾಕಿಸಿ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು.

ವಾಪಸ್ ಬರುವ ಯೋಚನೆ ಇದ್ದರೆ ಮಗುವಿನ ಕನ್ನಡವನ್ನು ಬಿಡಿಸಬೇಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ಇಲ್ಲಿನ ಶಾಲೆಗಳಲ್ಲಿ ಕನ್ನಡ ಕಲಿಯಲೇಬೇಕು. ಮೂರು ವರ್ಷ ಬರೀ ಜರ್ಮನ್ ಓದಿ ಬಂದ ಮಗುವಿಗೆ ಒತ್ತಕ್ಷರ ಬೆಟ್ಟದಂತೆ ಕಾಣುತ್ತದೆ. ಹೋಗುವಾಗಲೇ ನಾಲ್ಕು ಕಥೆ ಪುಸ್ತಕ ಚೀಲಕ್ಕೆ ಹಾಕಿಕೊಳ್ಳಿ. ನೀವಿರುವ ಊರಿನ ಕನ್ನಡ ಸಂಘವನ್ನು ಹುಡುಕಿ, ಹಬ್ಬಕ್ಕಾದರೂ ಹೋಗಿ ಬನ್ನಿ.

ಎಲ್ಲಿಂದ ಶುರು?

ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಗುರಿಯಾದರೆ ಒಂದೂವರೆ ವರ್ಷ ಮುಂಚೆ ಭಾಷಾ ಕ್ಲಾಸಿಗೆ ಸೇರಿ, ಇಬ್ಬರೂ. ಮಗುವಿನ ಕಾಗದಗಳನ್ನು ಅದೇ ಹೊತ್ತಿಗೆ ಸರಿಮಾಡಿಸಿ. ಡಿಎಎಡಿ ಇಪಿಒಎಸ್‌ನ ಹಲವು ಕೋರ್ಸ್‌ಗಳಿಗೆ ಹಿಂದಿನ ವರ್ಷದ ಆಗಸ್ಟ್-ಅಕ್ಟೋಬರ್‌ನಲ್ಲೇ ಅರ್ಜಿ ಮುಗಿಯುತ್ತದೆ. ಉಳಿದ ಇಂಗ್ಲಿಷ್ ಮಾಸ್ಟರ್ಸ್‌ಗಳಲ್ಲಿ ಬಹಳಷ್ಟಕ್ಕೆ ಮಾರ್ಚ್‌ನಿಂದ ಜುಲೈ ಒಳಗೆ. ವೀಸಾದ ಮೊತ್ತಗಳು, ಮಿತಿಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ವಾರ ಆಯಾ ದೇಶದ ಸರ್ಕಾರಿ ಪುಟದಲ್ಲಿ ಮತ್ತೆ ನೋಡಿಕೊಳ್ಳಿ.

ಯೂನಿವರ್ಸಿಟಿಗಳ ಪಟ್ಟಿ ಕೈಗೆ ಬಂದ ಮೇಲೆ, ಅರ್ಜಿ ಹಾಕುವ ಮುಂಚೆಯೇ, ಪ್ರತಿಯೊಂದರ ಕುಟುಂಬ ಸಹಾಯ ಕಚೇರಿಗೂ ಒಂದು ಮೇಲ್ ಬರೆಯಿರಿ. ಜರ್ಮನಿಯ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಇಂಥ ಕಚೇರಿ ಇದೆ. ಮಗುವಿನ ವಯಸ್ಸು ತಿಳಿಸಿ ಇಷ್ಟು ಕೇಳಿ: ಕ್ಯಾಂಪಸ್ ಕೀಟಾದಲ್ಲಿ ವಿದ್ಯಾರ್ಥಿಗಳ ಮಕ್ಕಳಿಗೆ ಜಾಗ ಇದೆಯಾ, ಹೆಸರು ಯಾವಾಗ ಬರೆಸಬೇಕು, ಕುಟುಂಬದ ಹಾಸ್ಟೆಲ್‌ಗೆ ಎಷ್ಟು ತಿಂಗಳು ಕಾಯಬೇಕು, ಮಗುವಿಗೆ ಜ್ವರ ಬಂದು ಪರೀಕ್ಷೆ ತಪ್ಪಿದರೆ ಏನು ವ್ಯವಸ್ಥೆ, 30 ದಾಟಿದವರು ಯಾವ ವಿಮೆ ಮಾಡಿಸುತ್ತಾರೆ. ಎರಡು ವಾರದಲ್ಲಿ ವಿವರವಾದ ಉತ್ತರ ಕೊಟ್ಟ ಯೂನಿವರ್ಸಿಟಿಯನ್ನು ಪಟ್ಟಿಯ ಮೇಲಕ್ಕೆ ತನ್ನಿ, ಅದರ ರ್‍ಯಾಂಕಿಂಗ್ ನಾಲ್ಕು ಮೆಟ್ಟಿಲು ಕೆಳಗಿದ್ದರೂ ಪರವಾಗಿಲ್ಲ.